ಬಾಗಿಲು ಮುಚ್ಚಿದಾಗ ಪ್ರದರ್ಶನವನ್ನು ಕಿಟಕಿಗೆ ತಂದಿದ್ದು

ಗಾಜಿನ ಹಿಂದೆ ಚಿತ್ರ ಇಟ್ಟು ಹಗಲು ಹೊತ್ತಿನಲ್ಲಿ ರಸ್ತೆಯಿಂದ ನೋಡಿ. ಕಾಣುವುದು ಎದುರಿನ ಕಟ್ಟಡ, ಹೋಗುತ್ತಿರುವ ಗಾಡಿ, ಮತ್ತೆ ನಿಮ್ಮದೇ ಮುಖ. 2020ರಲ್ಲಿ ಕೋವಿಡ್ ಬಂದು ಗ್ಯಾಲರಿ ಬಾಗಿಲು ಹಾಕಬೇಕಾದಾಗ, ಗೋಡೆ ಮೇಲಿದ್ದ ಪ್ರದರ್ಶನವನ್ನು ಬೀದಿ ಕಡೆಯ ಕಿಟಕಿಗಳಿಗೆ ತರೋಣ ಅಂತ ಹೊರಟೆವು. ನಮ್ಮ ಹೆಚ್ಚಿನ ತಲೆನೋವೆಲ್ಲ ಈ ಗಾಜಿನದೇ ಆಗಿತ್ತು.

ಆನ್‌ಲೈನ್‌ನಲ್ಲೂ ಫೋಟೊ ಹಾಕಿದ್ದೆವು. ಆದರೆ ಐದಡಿ ಕ್ಯಾನ್ವಾಸ್ ಫೋನಿನಲ್ಲಿ ಅಂಗೈಗಿಂತ ಚಿಕ್ಕದು. ಅದರ ಮುಂದೆ ನಿಲ್ಲುವುದೇ ಬೇರೆ ಅಲ್ವಾ?

ಲೆಕ್ಕ ಹೀಗಿದೆ. ಸಾದಾ ಗಾಜಿನ ಒಂದೊಂದು ಮೈಯೂ ಸುಮಾರು ಶೇ. 4ರಷ್ಟು ಬೆಳಕನ್ನು ವಾಪಸ್ ಕಳಿಸುತ್ತದೆ, ಎರಡೂ ಸೇರಿದರೆ ಶೇ. 8. ಕೇಳಲು ಕಡಿಮೆ. ಆದರೆ ಹಗಲಿನಲ್ಲಿ ನೆರಳಿನ ಜಾಗದಲ್ಲೂ ಬೆಳಕು 10,000 ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ದಾಟುತ್ತದೆ. ಒಳಗೆ ಕಾಗದದ ಮೇಲಿನ ಚಿತ್ರಗಳಿಗೆ ನಾವು ಕೊಡುವುದು 50 ಲಕ್ಸ್. ಹೊರಗಿನ ಪ್ರತಿಬಿಂಬದ ಮುಂದೆ ಆ 50 ಲಕ್ಸ್ ಏನೇನೂ ಸಾಲದು. ಒಳಗೆ ಎಷ್ಟು ದೀಪ ಹಾಕಿದರೂ ಸೂರ್ಯನ ಜೊತೆ ಪೈಪೋಟಿ ಆಗುವುದಿಲ್ಲ.

ಚಿತ್ರವನ್ನು ಗಾಜಿಗೇ ಒತ್ತಿ ಇಟ್ಟರೆ ಸ್ವಲ್ಪ ಗೆಲ್ಲಬಹುದು. ಆಗ ಹೊರಗಿನ ಬೆಳಕೇ ಚಿತ್ರದ ಮೇಲೂ ಬೀಳುತ್ತದೆ. ಆದರೆ ಅಲ್ಲಿ ಮೂಲ ಕೃತಿ ಇಡುವ ಹಾಗಿಲ್ಲ. ಬೆಳಕಿನಿಂದ ಆಗುವ ಹಾನಿ ಕೂಡುತ್ತಾ ಹೋಗುತ್ತದೆ, ಮರಳಿ ಸರಿಯಾಗುವುದಿಲ್ಲ. 10,000 ಲಕ್ಸ್‌ನಲ್ಲಿ ಒಂದು ಗಂಟೆ ಎಂದರೆ 50 ಲಕ್ಸ್‌ನಲ್ಲಿ 200 ಗಂಟೆ. ಅಂದರೆ ದಿನಕ್ಕೆ ಎಂಟು ಗಂಟೆಯಂತೆ 25 ದಿನ ತೂಗುಹಾಕಿದ ಪಾಡು ಒಂದೇ ಗಂಟೆಯಲ್ಲಿ. ಜಲವರ್ಣಕ್ಕೆ ಇದು ನೇರ ಏಟು. ಕಿಟಕಿಗೆ ಅತಿನೇರಳೆ ಕಿರಣ ತಡೆಯುವ ಯುವಿ ಫಿಲ್ಮ್ ಹಚ್ಚಿದರೂ ಕಣ್ಣಿಗೆ ಕಾಣುವ ಬೆಳಕು ಒಳಗೆ ಬಂದೇ ಬರುತ್ತದೆ, ಅದೂ ಬಣ್ಣ ಮಾಸಿಸುತ್ತದೆ.

ಹಾಗಾಗಿ ಒಂದೇ ಪ್ರದರ್ಶನವನ್ನು ಎರಡು ಮಾಡಿದೆವು. ಹಗಲಿಗೆ ಗಾಜಿಗೆ ತಾಗಿದಂತೆ ದೊಡ್ಡ ಪ್ರಿಂಟ್‌ಗಳು. ಕತ್ತಲಾದ ಮೇಲೆ ಅವುಗಳನ್ನು ಸುತ್ತಿ ಮೇಲಕ್ಕೆತ್ತಿ, ಒಳಗಿನ ಮೂಲ ಕೃತಿಗಳಿಗೆ ದೀಪ. ಹೊರಗೆ ಕತ್ತಲಿದ್ದರೆ ಆ 50 ಲಕ್ಸ್ ಧಾರಾಳವಾಗಿ ಸಾಕು. ಗಾಜು ಇದೆಯೋ ಇಲ್ಲವೋ ಅನ್ನುವಷ್ಟು ಚೆನ್ನಾಗಿ ಕಾಣುತ್ತದೆ. ಹಗಲಿನ ಪ್ರಿಂಟ್‌ಗೆ ತಿಳಿ ಹಿನ್ನೆಲೆಯ ಚಿತ್ರಗಳನ್ನೇ ಆರಿಸಿದೆವು. ಕಪ್ಪು ಜಾಸ್ತಿ ಇರುವ ಚಿತ್ರ ಗಾಜಿನ ಹಿಂದೆ ಪಕ್ಕಾ ಕನ್ನಡಿಯಾಗುತ್ತದೆ. ನನಗೆ ತುಂಬಾ ಇಷ್ಟವಾದ ಒಂದು ಎಚಿಂಗ್ (ಲೋಹದ ತಗಡಿನಿಂದ ಅಚ್ಚೊತ್ತಿದ ಚಿತ್ರ) ಇದೇ ಕಾರಣಕ್ಕೆ ಸಂಜೆಯ ಪಾಲಿಗೆ ಹೋಯಿತು. ಕಲಾವಿದರಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದೆ. "ನನ್ನ ಕೆಲಸ ಸಂಜೆಗೇ ಇರಲಿ ಬಿಡಿ ಸರ್, ಪ್ರಿಂಟ್ ಬೇಡ" ಅಂದರು ಒಬ್ಬರು. ಸರಿಯಾದ ಮಾತು.

ಬರಹ ಇನ್ನೊಂದು ವಿಷಯ. ಗೋಡೆ ಪಕ್ಕದ ಲೇಬಲ್ ಎರಡಡಿಯಿಂದ ಓದಲು ಮಾಡಿದ್ದು. ಫುಟ್‌ಪಾತ್‌ನಿಂದ ಹತ್ತಡಿ ದೂರಕ್ಕೆ ಅಕ್ಷರ ಒಂದು ಇಂಚು ಎತ್ತರ ಇರಬೇಕು ಅನ್ನೋದು ಬೋರ್ಡ್ ಬರೆಯುವವರ ಹಳೆಯ ಲೆಕ್ಕ. ಅಷ್ಟು ದೊಡ್ಡದಾಗಿ ಕಲಾವಿದರ ಇಡೀ ಟಿಪ್ಪಣಿ ಹಾಕಿದರೆ ಕಿಟಕಿಯೇ ತುಂಬಿಹೋಗುತ್ತದೆ. ಹೆಸರು, ವರ್ಷ, ಮಾಧ್ಯಮ ಇಷ್ಟನ್ನೇ ವಿನೈಲ್ ಅಕ್ಷರದಲ್ಲಿ ಅಂಟಿಸಿ, ಉಳಿದದ್ದನ್ನು ಕ್ಯೂಆರ್ ಕೋಡ್‌ಗೆ ಬಿಟ್ಟೆವು. ಕೋಡ್‌ನ ಅಗಲ ಸ್ಕ್ಯಾನ್ ಮಾಡುವ ದೂರದ ಹತ್ತನೇ ಒಂದು ಭಾಗ ಇರಬೇಕು. ಆರಡಿಗೆ ಏಳಿಂಚು. ಅದನ್ನು ಗಾಜಿನ ಹೊರಮೈಗೆ ಅಂಟಿಸಿ. ಒಳಗಿದ್ದರೆ ಪ್ರತಿಬಿಂಬ ಕ್ಯಾಮೆರಾವನ್ನೂ ಸತಾಯಿಸುತ್ತದೆ.

ಆಮೇಲೆ ಮಿತಿ ಹಾಕಿ ಒಳಗೆ ಬಿಡಲು ಅನುಮತಿ ಸಿಕ್ಕಿತು. ಮುಂಗಡ ಸಮಯ, ಒಂದೇ ದಿಕ್ಕಿನ ದಾರಿ, ಇವೆಲ್ಲ ಎಲ್ಲರೂ ಮಾಡಿದ್ದೇ. ಕಷ್ಟವಾಗಿದ್ದು ಗಾಳಿ. ಕಿಟಕಿ ತೆಗೆದರೆ ಜನರಿಗೆ ಒಳ್ಳೆಯದು, ಕಾಗದಕ್ಕೆ ಕೆಟ್ಟದ್ದು. ತೇವಾಂಶ ಏರಿಳಿದರೆ ಹಾಳೆ ಸೊಟ್ಟಗಾಗುತ್ತದೆ. ಅದಕ್ಕೆ ಕ್ಯಾನ್ವಾಸ್‌ಗಳನ್ನು ಕಿಟಕಿ ತೆಗೆದ ದೊಡ್ಡ ಕೋಣೆಗೆ ತಂದೆವು. ಕಾಗದದವು ಒಳಗಿನ ಕೋಣೆಗೆ, ಅಲ್ಲಿಗೆ ಒಂದು ಸಲಕ್ಕೆ ಒಂದೇ ಮನೆಯವರು. ಜನರ ಉಸಿರು ಕೋಣೆಯಲ್ಲಿ ಎಷ್ಟು ತುಂಬಿದೆ ಅಂತ ತಿಳಿಯಲು ಅಲ್ಲೊಂದು ಕಾರ್ಬನ್ ಡೈಆಕ್ಸೈಡ್ ಮೀಟರ್ ಇಟ್ಟೆವು. ಹೊರಗಿನ ಗಾಳಿಯಲ್ಲಿ ಅದು 400 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ) ಚಿಲ್ಲರೆ ತೋರಿಸುತ್ತದೆ. ಒಳಗೆ 800 ಆದರೆ ಮುಂದಿನವರನ್ನು ಸ್ವಲ್ಪ ಕಾಯಿಸುತ್ತಿದ್ದೆವು.

ಬಂದವರು ನಡೆಯುವ ರೀತಿ ನೋಡುತ್ತಾ ನಿಂತಾಗ ಒಂದು ಗೊತ್ತಾಯಿತು. ಮೊದಲು ಚಿತ್ರ ನೋಡುತ್ತಾರೆ. ಲೇಬಲ್ ಓದಲು ಮುಂದೆ ಬಾಗುತ್ತಾರೆ. ಮತ್ತೆ ಚಿತ್ರ ನೋಡಲು ಹಿಂದೆ ನೋಡದೆ ಎರಡು ಹೆಜ್ಜೆ ಹಿಂದಕ್ಕೆ ಇಡುತ್ತಾರೆ, ಅಲ್ಲಿ ಇನ್ನೊಬ್ಬರು ನಿಂತಿರುತ್ತಾರೆ! ನೆಲಕ್ಕೆ ಆರಡಿಗೊಂದು ವೃತ್ತ ಹಾಕಿದರೂ ಇದು ನಿಲ್ಲಲಿಲ್ಲ. ಲೇಬಲ್ ತೆಗೆದು ಗೋಡೆ ಮೇಲೆ ದಪ್ಪ ಅಂಕಿ ಮಾತ್ರ ಬಿಟ್ಟು, ವಿವರವನ್ನು ಬಾಗಿಲಲ್ಲೇ ಫೋನಿಗೆ ಕೊಟ್ಟ ಮೇಲೆ ಕಡಿಮೆಯಾಯಿತು.

ಸ್ಯಾನಿಟೈಸರ್ ಬಗ್ಗೆ ಮಾತ್ರ ನಾನು ಸ್ವಲ್ಪ ಜೋರು ಮಾಡಿದೆ. ಅದರಲ್ಲಿರುವ ಆಲ್ಕೋಹಾಲ್ ಅಕ್ರಿಲಿಕ್ ಬಣ್ಣವನ್ನು ಕರಗಿಸುತ್ತದೆ. ಫ್ರೇಮಿಗೆ ಗಾಜಿನ ಬದಲು ಅಕ್ರಿಲಿಕ್ ಹಾಳೆ ಹಾಕಿದ್ದರೆ ಅದರಲ್ಲಿ ಸಣ್ಣ ಸಣ್ಣ ಬಿರುಕು ಬರುತ್ತದೆ. ಬಾಟಲಿ ಬಾಗಿಲ ಹೊರಗೆ ಇರಬೇಕು, ಕೈ ಒಣಗಿದ ಮೇಲೆ ಒಳಗೆ. ಕೋಣೆಯೊಳಗೆ ಸ್ಪ್ರೇ ಹೊಡೆಯಲು ಬಂದವರನ್ನು ಹಾಗೇ ವಾಪಸ್ ಕಳಿಸಿದೆ. ಬಾಗಿಲ ಹಿಡಿಕೆಗೆ ಸೋಪಿನ ನೀರು ಸಾಕು. ಹೊರಗಿಂದ ಬಂದ ಪ್ಯಾಕಿಂಗ್‌ಗಳನ್ನು ಒರೆಸದೆ ಸುಮ್ನೆ ಮೂರು ದಿನ ಪಕ್ಕಕ್ಕಿಟ್ಟೆವು. ವೈರಸ್ ಪ್ಲಾಸ್ಟಿಕ್ ಮೇಲೆ 72 ಗಂಟೆವರೆಗೆ, ರಟ್ಟಿನ ಮೇಲೆ 24 ಗಂಟೆವರೆಗೆ ಉಳಿಯಬಹುದು ಅಂತ ಆಗಿನ ಪ್ರಯೋಗಗಳು ಹೇಳಿದ್ದವು.

ನಿರ್ಬಂಧ ಹೋದ ಮೇಲೆ ವೃತ್ತಗಳನ್ನು ಕಿತ್ತು ಹಾಕಿದೆವು, ಲೇಬಲ್‌ಗಳೂ ಗೋಡೆಗೆ ವಾಪಸ್ ಬಂದವು. ಸಂಜೆಯ ಕಿಟಕಿಯನ್ನು ಮಾತ್ರ ಬಿಟ್ಟಿಲ್ಲ. ಒಳಗೆ ಬರಲು ಹಿಂಜರಿಯುತ್ತಿದ್ದ ಎಷ್ಟೋ ಜನ ಕೆಲಸ ಮುಗಿಸಿ ಹೋಗುವಾಗ ಅಲ್ಲಿ ನಿಂತು ನೋಡುತ್ತಾರೆ. ಈಗ ಪ್ರತಿ ಪ್ರದರ್ಶನಕ್ಕೂ ಯಾವ ಕೃತಿ ಕಿಟಕಿಗೆ ಅನ್ನುವುದನ್ನೇ ಮೊದಲು ತೀರ್ಮಾನ ಮಾಡುತ್ತೇವೆ. ದೀಪಕ್ಕೊಂದು ಟೈಮರ್ ಇದೆ, ರಾತ್ರಿ ಹತ್ತಕ್ಕೆ ಆರುತ್ತದೆ.