ಡಿಸ್ಕ್ ಕೆಟ್ಟಿರಲಿಲ್ಲ, ಡ್ರೈವರ್ ಹೇಳಿದ ಕಾರಣ ತಪ್ಪಿತ್ತು

ಆರೇಳು ತಿಂಗಳಲ್ಲಿ ಕೆಟ್ಟಿವೆಯೆಂದು ಇಪ್ಪತ್ತೆರಡೋ ಇಪ್ಪತ್ತಮೂರೋ ಡಿಸ್ಕ್ ಬದಲಾಯಿಸಿದ್ದೆವು, ಒಂದೊಂದಕ್ಕೂ ಸುಮಾರು 8,000 ರೂಪಾಯಿ. ಸಿಸಿಟಿವಿ ರೆಕಾರ್ಡಿಂಗ್ ಪೆಟ್ಟಿಗೆಗಳು, ಒಳಗೆ ಎರಡು ಡಿಸ್ಕಿನ ರೇಡ್-1, ಅಂದರೆ ಎರಡರಲ್ಲೂ ಒಂದೇ ಡೇಟಾದ ಪ್ರತಿ. ತೆಗೆದ ಡಿಸ್ಕನ್ನು ನನ್ನ ಮೇಜಿನ ಮೇಲೆ ಕೊನೆಯ ಸೆಕ್ಟರ್‌ವರೆಗೂ ಓದಿಸಿದರೆ ಒಂದು ದೋಷವೂ ಕಾಣದು. ಡಿಸ್ಕ್ ಕಂಟ್ರೋಲರನ್ನು ಲಿನಕ್ಸ್‌ಗೆ ಜೋಡಿಸುವ ಸಾಫ್ಟ್‌ವೇರ್ ಆದ ಡ್ರೈವರ್ ಮೇಲೆ ಅನುಮಾನ ಅಂದೆ. 'ನಾಲ್ಕು ವರ್ಷದಿಂದ ಓಡ್ತಿರೋ ಡ್ರೈವರ್ ಸರ್, ಅದಕ್ಕೆ ಕೈ ಹಾಕಬೇಡಿ' ಅಂದರು ಹಾರ್ಡ್‌ವೇರ್‌ನವರು.

ಡಿಸ್ಕಿಗೆ ಕೊಟ್ಟ ಕೆಲಸದ ಫಲಿತಾಂಶವನ್ನು ಮೇಲಕ್ಕೆ ತಿಳಿಸುವ, ಡ್ರೈವರ್‌ನ ಕಂಪ್ಲೀಷನ್ ಫಂಕ್ಷನ್ ತೆರೆದೆ. ಕೇಬಲ್ ಅಲುಗಿ ಲಿಂಕ್ ರೀಸೆಟ್ ಆದರೂ, ಸೆಕ್ಟರ್ ಕೆಟ್ಟರೂ, ಡಿಸ್ಕನ್ನೇ ಕಿತ್ತರೂ ಅದು ಕೊಡುತ್ತಿದ್ದದ್ದು ಒಂದೇ ಉತ್ತರ: ಡಿಐಡಿ_ನೋ_ಕನೆಕ್ಟ್, ಅಂದರೆ ಡಿಸ್ಕೇ ಸಿಗುತ್ತಿಲ್ಲ. ಅದು ಸಿಕ್ಕರೆ ಡ್ರೈವರ್‌ನ ಮೇಲಿನ ಪದರವಾದ ಸ್ಕಸಿ ಮಿಡ್-ಲೇಯರ್ ಮರುಯತ್ನ ಮಾಡುವುದೇ ಇಲ್ಲ. ಬ್ಯಾಡ್-ಬ್ಲಾಕ್ ಲಾಗ್ (ಕೆಟ್ಟ ಜಾಗಗಳ ಪಟ್ಟಿ) ಇಲ್ಲದ ನಮ್ಮ ಡಿಸ್ಕ್ ಜೋಡಿಯಲ್ಲಿ ಒಂದು ರೈಟ್ (ಬರೆಯುವ ಕೆಲಸ) ಹಾಗೆ ಸೋತರೆ, ರೇಡ್ ನಡೆಸುವ ಲಿನಕ್ಸ್ ಭಾಗವಾದ ಎಂಡಿ ಆ ಡಿಸ್ಕನ್ನು ಹೊರಹಾಕುತ್ತದೆ. ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ಮೊದಲ ಸಲ ಎಡವಿದೆ. ಎಲ್ಲದಕ್ಕೂ 'ಮತ್ತೆ ಸಾಲಿಗೆ ಹಾಕು' ಎನ್ನುವ ಡಿಐಡಿ_ರೀಕ್ಯೂ ಕೊಟ್ಟೆ. ಡಿಸ್ಕ್ ಕಿತ್ತು ನೋಡಿದರೆ ರೆಕಾರ್ಡಿಂಗ್ ಮೂರು ನಿಮಿಷ ನಿಂತೇಹೋಯಿತು. ಲಾಗಿನಲ್ಲಿ 180 ಸೆಕೆಂಡ್ ಕಾದೆ ಎಂಬ ಸಾಲು. 30 ಸೆಕೆಂಡ್ ಟೈಮ್‌ಔಟ್, ಐದು ಮರುಯತ್ನ, ಮೊದಲನೆಯದೂ ಸೇರಿ ಆರು. ಆ ವಾರದ ಬಿಲ್ ಗ್ರಾಹಕರು ಕೊಡಲಿಲ್ಲ.

ಆಮೇಲೆ ಕಂಟ್ರೋಲರ್‌ನ ಮೂವತ್ತು ಚಿಲ್ಲರೆ ಸ್ಟೇಟಸ್‌ಗಳನ್ನು ಒಂದೊಂದಾಗಿ ಬಿಡಿಸಿದೆ. ಲಿಂಕ್ ರೀಸೆಟ್‌ಗೆ ಡಿಐಡಿ_ಸಾಫ್ಟ್_ಎರರ್ (ಮರುಯತ್ನಿಸಬಹುದಾದ ದೋಷ), ನಿಜಕ್ಕೂ ಡಿಸ್ಕ್ ಇಲ್ಲದಿದ್ದರೆ ಮಾತ್ರ ನೋ_ಕನೆಕ್ಟ್. ಸೆಕ್ಟರ್ ಕೆಟ್ಟಿದ್ದರೆ ಚೆಕ್ ಕಂಡೀಷನ್ ಜೊತೆಗೆ ಸೆನ್ಸ್ 3, ಎಎಸ್‌ಸಿ 11 ಹೆಕ್ಸ್, ಅಂದರೆ ಆ ಜಾಗ ಓದಲಾಗದು ಎಂಬ ಸಂಕೇತ. ಆಗ ಮಿಡ್-ಲೇಯರ್ ವೃಥಾ ಐದು ಸಲ ಓದಲು ಹೋಗುವುದಿಲ್ಲ. ಎಂಡಿ ಇನ್ನೊಂದು ಡಿಸ್ಕಿನಿಂದ ತಂದು ಅದೇ ಜಾಗಕ್ಕೆ ಬರೆಯುತ್ತದೆ.

ಹುಡುಕುವಾಗ ಇನ್ನೊಂದು ಸಿಕ್ಕಿತು. ರೀಸೆಟ್ ಫಂಕ್ಷನ್ ಸೋತಾಗ ಮರಳಿಸುವ -5 ಅನ್ನು, 0ಯಿಂದ 255ರವರೆಗೆ ಮಾತ್ರ ಹಿಡಿಯುವ ಯು8 ವೇರಿಯಬಲ್‌ನಲ್ಲಿ ಇಟ್ಟಿದ್ದರು. ಅದು 251 ಆಗುತ್ತದೆ, ಮುಂದಿನ ಸಾಲಿನ 'ಸೊನ್ನೆಗಿಂತ ಕಡಿಮೆಯೇ' ಎಂಬ ಪರೀಕ್ಷೆ ಎಂದೂ ನಿಜವಾಗದು. ಸೋತ ರೀಸೆಟ್ ಗೆದ್ದಂತೆ ದಾಟಿಹೋಗುತ್ತಿತ್ತು! ಇದನ್ನು ನಾಲ್ಕು ವರ್ಷ ಯಾರೂ ನೋಡಿರಲಿಲ್ಲ, ನಾನು ನೋಡಿದೆ.

ನಡುವೆ ನಕಲಿ ಡಿಸ್ಕ್ ಸೃಷ್ಟಿಸುವ ಸ್ಕಸಿ_ಡೀಬಗ್‌ನಲ್ಲಿ ಆಪ್ಟ್ಸ್ 2 ಹಾಕಿ, ಆಗ ಬೇಕೆಂದೇ ದೋಷ ಕೊಡುವ 4660ನೇ ಸೆಕ್ಟರ್ ಓದಿಸಿ ಎರಡು ದಿನ ಆಡಿದೆ. ಮೇಲಿನ ಪದರಗಳ ನಡತೆ ಅರ್ಥವಾಯಿತು, ಅದು ಬೇರೆಯೇ ಡ್ರೈವರ್ ಆದ್ದರಿಂದ ನಮ್ಮ ಡ್ರೈವರ್ ಪರೀಕ್ಷೆಗೆ ಪ್ರಯೋಜನಕ್ಕೆ ಬರಲಿಲ್ಲ. ಬೇಕೆಂದಾಗ ಲಿಂಕ್ ಬೀಳಿಸಲು ಬೇರೆ ಉಪಾಯ ಮಾಡಿದೆ. ಅದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯುವುದಿಲ್ಲ.

ಎಂಟು ತಿಂಗಳಾಯಿತು. ಬದಲಾಯಿಸಿದ್ದು ಎರಡೇ ಡಿಸ್ಕ್, ಎರಡೂ ನಿಜಕ್ಕೂ ಕೆಟ್ಟವು. ಮೂಲೆಯಲ್ಲಿ ಪೇರಿಸಿಟ್ಟಿದ್ದ ಹಳೆಯವುಗಳಲ್ಲಿ ಹತ್ತೊಂಬತ್ತು ಮತ್ತೆ ಪೆಟ್ಟಿಗೆ ಸೇರಿ ಓಡುತ್ತಿವೆ.