ನದಿ ಬಲಕ್ಕಿರಲಿ: ಮಿಸ್ಸಿಸಿಪ್ಪಿ ದಂಡೆಯ ಒಂದು ದಿನದ ಸುತ್ತು

ಮೊದಲ ಸಲ ಉಲ್ಟಾ ಸುತ್ತಿ ಅಮ್ಮನ ಕೈಲಿ ಬೈಸಿಕೊಂಡೆ. ಅಮೆರಿಕದ ಮಿನಿಯಾಪೊಲಿಸ್‌ನಿಂದ ಮಿನ್ನೆಸೋಟ ರಾಜ್ಯದ ದಂಡೆಯ 61ನೇ ಹೆದ್ದಾರಿಯಲ್ಲಿ ಕೆಳಗೆ ಹೋಗಿ, ನದಿಯಾಚೆಯ ವಿಸ್ಕಾನ್ಸಿನ್ ರಾಜ್ಯದ ದಂಡೆಯ 35ನೇ ರಸ್ತೆಯಲ್ಲಿ ವಾಪಸ್ ಬಂದಿದ್ದೆ. ಎರಡೂ ಕಡೆ ನದಿ ಎಡಕ್ಕೇ. ಇಲ್ಲಿ ಡ್ರೈವರ್ ಕೂರೋದೂ ಎಡಕ್ಕೆ, ಹಾಗಾಗಿ ಪಕ್ಕದಲ್ಲಿದ್ದ ಅಮ್ಮನಿಗೆ ದಿನವಿಡೀ ಕಂಡಿದ್ದು ಗುಡ್ಡ. "ನದಿ ತೋರಿಸ್ತೀನಿ ಅಂದ್ಯಲ್ಲೋ, ಎಲ್ಲಿ?"

ಮುಂದಿನ ವಾರ ತಿರುಗಿಸಿ ಹೊರಟೆವು. ಮೊದಲು ಪ್ರೆಸ್ಕಾಟ್. ಇಲ್ಲಿ ಸೇಂಟ್ ಕ್ರಾಯ್ ನದಿ ಬಂದು ಮಿಸ್ಸಿಸಿಪ್ಪಿಗೆ ಸೇರುತ್ತದೆ. ಅದರ ನೀರು ಕಪ್ಪಗೆ ತಿಳಿ, ಇದರದ್ದು ಕೆಸರು ಬಣ್ಣ, ಸ್ವಲ್ಪ ದೂರ ಎರಡೂ ಬೆರೆಯದೆ ಪಕ್ಕಪಕ್ಕದಲ್ಲೇ ಹರಿಯುತ್ತವೆ. ನಮ್ಮದು ತಿ. ನರಸೀಪುರದ ಕಡೆ, ಕಾವೇರಿ ಕಪಿಲೆ ಕೂಡೋ ಜಾಗ. ಅಪ್ಪ ಸುಮ್ನೆ ಇರ್ತಾರಾ? ಚಪ್ಪಲಿ ಬಿಟ್ಟು ಇಳಿದು ತಲೆಗೆ ನೀರು ಚಿಮುಕಿಸಿಕೊಂಡರು.

ಅಲ್ಲಿಂದ ಮುಂದೆ ಮೇಡನ್ ರಾಕ್, ಸ್ಟಾಕ್‌ಹೋಮ್, ಪೆಪಿನ್. ಸ್ಟಾಕ್‌ಹೋಮ್ ಸ್ವೀಡನ್‌ನವರು ಬಂದು ನೆಲೆಸಿದ ಊರು, ಜನ ನೂರೂ ಇಲ್ಲ. ಪೈ ತಿನ್ನೋಣ ಅಂತ ಹೋದರೆ ಅಂಗಡಿ ಮುಚ್ಚಿತ್ತು. ವಾರದ ಮಧ್ಯೆ ಹೋಗೋರು ಬುತ್ತಿ ಕಟ್ಟಿಕೊಂಡೇ ಹೋಗಿ. ನಮ್ಮನ್ನು ಕಾಪಾಡಿದ್ದು ಪುಳಿಯೋಗರೆ.

ಈ ಊರುಗಳ ಮುಂದೆ ನದಿ ನದಿಯಂತಿಲ್ಲ, ಸುಮಾರು 35 ಕಿ.ಮೀ. ಉದ್ದದ ಕೆರೆ. ಹೆಸರು ಲೇಕ್ ಪೆಪಿನ್. ಪೆಪಿನ್ ಊರು ದಾಟಿದ ಮೇಲೆ ರಸ್ತೆ ಚಿಪ್ಪೆವಾ ನದಿಯನ್ನು ದಾಟುತ್ತದೆ. ನೋಡೋಕೆ ಏನೂ ವಿಶೇಷ ಇಲ್ಲ, ಆದರೆ ಈ ಕೆರೆಗೆ ಏರಿ ಹಾಕಿದ್ದು ಅದೇ. ಅದು ಹೊತ್ತು ತಂದು ಸುರಿದ ಮರಳನ್ನು ಪೂರ್ತಿ ತಳ್ಳಿಕೊಂಡು ಹೋಗೋಕೆ ಮಿಸ್ಸಿಸಿಪ್ಪಿಗೂ ಆಗಲಿಲ್ಲ, ನೀರು ಹಿಂದಕ್ಕೆ ನಿಂತಿತು. ಕೂಡುವಲ್ಲಿಂದ ಕೆಳಗೆ ಮಾತ್ರ ಹರಿವು ಜೋರು, ಚಳಿಗಾಲದಲ್ಲೂ ನೀರು ಪೂರ್ತಿ ಹೆಪ್ಪುಗಟ್ಟೋದಿಲ್ಲ. ಮೀನು ಹಿಡಿಯೋಕೆ ಬಿಳಿತಲೆಯ ಹದ್ದುಗಳು ವಬಾಶಾ ಊರಿನ ಹತ್ತಿರ ಬಂದು ಸೇರುತ್ತವೆ. ಹದ್ದು ನೋಡೋಕೇ ಹೋಗೋದಾದರೆ ಚಳಿಗಾಲದಲ್ಲೇ ಹೋಗಿ.

ನೆಲ್ಸನ್ ಹತ್ತಿರ ಸೇತುವೆ ದಾಟಿದರೆ ವಬಾಶಾ, ಅಲ್ಲಿಂದ ಉತ್ತರಕ್ಕೆ ಲೇಕ್ ಸಿಟಿ. 1922ರಲ್ಲಿ ರಾಲ್ಫ್ ಸ್ಯಾಮುಯೆಲ್ಸನ್ ಅನ್ನೋ 18ರ ಹುಡುಗ ಇಲ್ಲೇ ಪೈನ್ ಹಲಗೆಯ ತುದಿ ಬಗ್ಗಿಸಿ ಕಾಲಿಗೆ ಕಟ್ಟಿಕೊಂಡು ನೀರಿನ ಮೇಲೆ ಜಾರಿದ, ವಾಟರ್ ಸ್ಕೀಯಿಂಗ್ ಶುರುವಾಗಿದ್ದು ಹಾಗೆ.

ಕೊನೆಗೆ ರೆಡ್ ವಿಂಗ್. ಬಾರ್ನ್ ಬ್ಲಫ್ ಗುಡ್ಡ ಹತ್ತೋಕೆ ಒಂದು ಗಂಟೆಯಾದರೂ ಇಟ್ಟುಕೊಳ್ಳಿ. ಮಂಡಿ ನೋವು ಅಂತಿದ್ದ ಅಮ್ಮನೇ ಮೊದಲು ಮೇಲೆ ಮುಟ್ಟಿದರು. ಕೆಳಗೆ ಸರಕಿನ ಬಾರ್ಜುಗಳ ಗುಂಪೊಂದು ಹೋಗುತ್ತಿತ್ತು. ಅಪ್ಪ ಬೆರಳು ಮಡಿಚಿ ಎಣಿಸಿದರು: ಮೂರರ ಸಾಲು ಐದು, ಒಟ್ಟು ಹದಿನೈದು. ಹಿಂದಿನಿಂದ ತಳ್ಳುತ್ತಿದ್ದ ಬೋಟು ಮಾತ್ರ ಒಂದೇ.