ಬೋರ್‌ವೆಲ್ ನೀರಿನ ಕೆಂಪು ಕಲೆ ಬೇಸಿನ್ನಿಂದ ತೆಗೆಯೋದು ಹೇಗೆ

ಬಿಳಿ ವಾಶ್‌ಬೇಸಿನ್ನಲ್ಲಿ ನಲ್ಲಿ ತೊಟ್ಟಿಕ್ಕೋ ಕಡೆಯಿಂದ ಜಾಲಿ ತನಕ ಒಂದು ಕೆಂಪು ಪಟ್ಟೆ, ಕಮೋಡ್ ಒಳಗೂ ಅದೇ ಕಥೆ, ಬೋರ್‌ವೆಲ್ ನೀರಿನ ಮನೆಗಳಲ್ಲಿ ಇದು ಮಾಮೂಲು. ನೀರು ಬರುವಾಗ ತಿಳಿಯಾಗೇ ಕಾಣ್ಸತ್ತೆ, ಕರಗಿರೋ ಕಬ್ಬಿಣ ಗಾಳಿ ತಾಗಿದ್ಮೇಲೆ ತುಕ್ಕಾಗಿ ಅಂಟ್ಕೊಳ್ಳತ್ತೆ. ಲೀಟರಿಗೆ 0.3 ಮಿಲಿಗ್ರಾಂ ದಾಟಿದ್ರೆ ಸಾಕು, ಕಲೆ ಶುರು.

ಎಲ್ರೂ ಮೊದ್ಲು ಮಾಡೋ ಕೆಲಸ ಬ್ಲೀಚಿಂಗ್ ಪೌಡರ್ ಸುರಿಯೋದು. ಪಾಚಿಗೆ ಅದು ಸರಿ, ತುಕ್ಕಿಗೆ ಉಲ್ಟಾ, ನೀರಲ್ಲಿರೋ ಕಬ್ಬಿಣನ ಇನ್ನೂ ಬೇಗ ತುಕ್ಕು ಮಾಡಿ ಕೂರಿಸತ್ತೆ. ಆಮೇಲೆ ಸ್ಟೀಲ್ ಸ್ಕ್ರಬ್ಬರ್ ತಗೊಂಡು ಗಸಗಸ ಉಜ್ಜೋದು. ಬೇಸಿನ್ ಮೇಲಿನ ಹೊಳಪಿನ ಪದರ (ಗ್ಲೇಜ್) ಗೀರಿ ಹೋಗತ್ತೆ, ಮುಂದಿನ ಕಲೆ ಆ ಗೀರಲ್ಲೇ ಇಳಿಯತ್ತೆ.

1. ದಿನಸಿ ಅಂಗಡೀಲಿ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ತನ್ನಿ, ಹಾರ್ಡ್‌ವೇರ್ ಅಂಗಡೀಲಿ ಆಕ್ಸಾಲಿಕ್ ಆಸಿಡ್ ಪುಡಿ ಕೇಳಿ, ಮೊಸಾಯಿಕ್ ಪಾಲಿಶ್‌ನೋರು ಕೊನೇಲಿ ಹಾಕ್ತಾರಲ್ಲ ಅದೇ. ರಬ್ಬರ್ ಗ್ಲೌಸ್ ಬೇಕೇ ಬೇಕು. ಆಕ್ಸಾಲಿಕ್ ವಿಷ, ಮಕ್ಕಳ ಕೈಗೆ ಸಿಗಬಾರದು, ಅಡುಗೆಮನೆ ಲೋಟದಲ್ಲಿ ಕಲಸಬೇಡಿ.

2. ಸೋಪಲ್ಲಿ ತೊಳೀರಿ. ಮುಂಚೆ ಬ್ಲೀಚ್ ಹಾಕಿದ್ರೆ ಧಾರಾಳ ನೀರು ಬಿಟ್ಟು ಪೂರ್ತಿ ತೆಗೀರಿ, ಆಸಿಡ್ ಜೊತೆ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರತ್ತೆ. ಕಿಟಕಿ ತೆಗೆದಿಡಿ.

3. ಎಡವೋದು ಇಲ್ಲಿ. ಗಡಸು ನೀರಾದ್ರೆ ತುಕ್ಕಿನ ಮೇಲೆ ಬಿಳಿ ಉಪ್ಪಿನ ಪದರ ಇರತ್ತೆ, ಉಗುರಲ್ಲಿ ಕೆರೆದ್ರೆ ಗರಗರ ಅನ್ನತ್ತೆ. ಅದನ್ನ ತೆಗೀದೆ ಆಕ್ಸಾಲಿಕ್ ಹಾಕಿದ್ರೆ ಸುಣ್ಣದ ಅಂಶದ ಜೊತೆ ಸೇರಿ ಕರಗದೇ ಇರೋ ಇನ್ನೊಂದು ಬಿಳಿ ಪೊರೆ ಆಗತ್ತೆ, ಆಮೇಲೆ ಪುಡಿ ಡೂಪ್ಲಿಕೇಟು ಅಂತ ಅಂಗಡಿಯವನಿಗೆ ಬೈಯೋದು. ಅದಕ್ಕೇ ಮೊದ್ಲು ನಿಂಬೆ ಉಪ್ಪು: ಒಂದು ಲೋಟ ಬಿಸಿನೀರಿಗೆ ಎರಡು ಚಮಚ ಕಲಸಿ, ಟಿಶ್ಯೂ ಪೇಪರ್ ಅದ್ದಿ ಕಲೆ ಮೇಲೆ ಅಂಟಿಸಿ. ಬೇಸಿನ್ ಇಳಿಜಾರು, ಬರೀ ಸುರಿದ್ರೆ ಎರಡೇ ನಿಮಿಷದಲ್ಲಿ ಜಾಲಿ ಪಾಲು. ಟಿಶ್ಯೂ ಒಳಗೆ ಗಾಳಿಗುಳ್ಳೆ ಇಲ್ಲದ ಹಾಗೆ ಬೆರಳಲ್ಲಿ ಒತ್ತಿ, ಮೇಲೆ ಖಾಲಿ ಹಾಲಿನ ಕವರ್ ಕತ್ತರಿಸಿ ಹೊದಿಸಿ, ಒಂದು ಗಂಟೆ ಬಿಡಿ. ಒಣಗಿದ್ರೆ ಕೆಲಸ ನಿಂತಂಗೆ, ಮಧ್ಯೆ ಒಂದ್ಸಲ ಚಿಮುಕಿಸಿ. ತೆಗೆದಾಗ ಟಿಶ್ಯೂ ಹಳದಿ ಆಗಿದ್ರೆ ತುಕ್ಕು ಬಿಡ್ತಾ ಇದೆ ಅಂತ ಲೆಕ್ಕ. ಎಷ್ಟೋ ಕಲೆ ಇಷ್ಟಕ್ಕೇ ಹೋಗತ್ತೆ, ಆಕ್ಸಾಲಿಕ್ ಡಬ್ಬಿ ತೆಗೆಯೋದೇ ಬೇಡ.

4. ಉಳಿದಿದ್ರೆ ಚೆನ್ನಾಗಿ ತೊಳೆದು, ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ದೊಡ್ಡ ಚಮಚ ಆಕ್ಸಾಲಿಕ್, ಪ್ಲಾಸ್ಟಿಕ್ ಮಗ್ಗಲ್ಲಿ, ಅದೇ ಟಿಶ್ಯೂ ವಿಧಾನ, ಕಾಲು ಗಂಟೆ. ಪಕ್ಕದಲ್ಲಿ ಮಾರ್ಬಲ್ ಇದ್ರೆ ತಾಗಿಸಬೇಡಿ, ಹೊಳಪು ಹೋಗತ್ತೆ.

5. ತೊಳೆದು ಒರೆಸಿ.

ಕೋಲಾ, ಟೂತ್‌ಪೇಸ್ಟ್ ವಿಡಿಯೋಗಳನ್ನ ನಂಬಬೇಡಿ, ಎಳೇ ಕಲೆಗೆ ಏನೋ ಆಗಬಹುದು, ಹಳೇದಕ್ಕೆ ಟೈಮ್ ವೇಸ್ಟ್. ಕರಾವಳಿ ಕಡೆಯವರು ಬಿಂಬುಳಿ ಹೋಳು ಮಾಡಿ ತಿಕ್ತಾರೆ, ಅದು ಸುಮ್ನೆ ಅಲ್ಲ, ಆ ಕಾಯಲ್ಲೇ ಆಕ್ಸಾಲಿಕ್ ಆಸಿಡ್ ಇದೆ. ಟಾಯ್ಲೆಟ್ ಕ್ಲೀನರ್ ಕಮೋಡ್‌ಗೆ ಮಾತ್ರ ಇರಲಿ, ಅದರಲ್ಲಿರೋ ಹೈಡ್ರೋಕ್ಲೋರಿಕ್ ಆಸಿಡ್ ನಲ್ಲಿಯ ಕ್ರೋಮ್ ತಿನ್ನತ್ತೆ, ಟೈಲ್ಸ್ ಸಂದಿನ ಸಿಮೆಂಟೂ ತಿನ್ನತ್ತೆ.

ಬಾತ್‌ಟಬ್ ಇರೋರು ಇನ್ನೂ ಹುಷಾರು. ಹಳೇ ಟಬ್ ಒಳಗೆ ಎರಕದ ಕಬ್ಬಿಣ, ಮೇಲೆ ಎನಾಮಲ್ ಲೇಪ. ಎನಾಮಲ್ ಚಕ್ಕೆ ಎದ್ದಿದ್ರೆ ತುಕ್ಕು ಒಳಗಿಂದ ಬರ್ತಿದೆ, ಎಷ್ಟು ತೊಳೆದ್ರೂ ತಿರುಗಿ ಬರತ್ತೆ, ಆ ಜಾಗಕ್ಕೆ ಎಪಾಕ್ಸಿ (ಗಟ್ಟಿಯಾಗೋ ಅಂಟು) ಹಾಕಿ ಮುಚ್ಚಿಸಬೇಕು.

ಅಂದ ಹಾಗೆ ಸೋರೋ ನಲ್ಲಿಗೆ ಮೊದ್ಲು ವಾಷರ್ ಹಾಕ್ಸಿ, ಮೇಲಿನ ಟ್ಯಾಂಕ್ ತಳದಲ್ಲಿ ಕೆಂಪು ಕೆಸರು ಕೂತಿದ್ರೆ ತೊಳೆಸಿ. ಇಲ್ದಿದ್ರೆ ಸ್ವಲ್ಪ ದಿನದಲ್ಲಿ ಮತ್ತೆ ಟಿಶ್ಯೂ ಹಿಡ್ಕೊಂಡು ನಿಲ್ಲಬೇಕಾಗತ್ತೆ.